ನೂರ ನಲವತ್ತು ಕಿಲೋ ಗಾಳಿ

"ಬೂಟಿನೊಳಗೆ ಏನಿದೆ?"

"ಕಾಲು."

"ಕಾಲಿನ ಜೊತೆಗೆ?"

ಎಲ್ಲರೂ ಕಡ್ಡಿ ಎಂದು ಕರೆಯುತ್ತಿದ್ದ ಆ ಸಣಕಲ ತಕ್ಕಡಿಯ ಮೇಲೆ ನಿಂತೇ ಶೆಡ್ಡಿನ ಮಾಡಿನ ಕಡೆ ನೋಡಿದ. ಮುಳ್ಳು ಐವತ್ತೆಂಟರ ಹತ್ತಿರ ನಡುಗುತ್ತ ನಿಂತಿತ್ತು.

"ನಿನ್ನೆ ನೀನು ಬರಿಮೈಯಲ್ಲಿ ಐವತ್ತೆರಡು," ಎಂದಳು ಅವನ ಅತ್ತಿಗೆ. "ಬಟ್ಟೆ, ಬೂಟು ನಾಲ್ಕೂವರೆ. ಮಿಕ್ಕ ಒಂದೂವರೆ ಕಿಲೋ ಎಲ್ಲಿಂದ ಬಂತು? ರಾತ್ರಿ ಊಟ ಅನ್ನಬೇಡ, ಬಡಿಸಿದವಳು ನಾನೇ."

"ಮನುಷ್ಯ ಬೆಳೀತಾನೆ ಅತ್ತಿಗೆ."

"ಮೂವತ್ತೊಂದನೇ ವರ್ಷದಲ್ಲಿ ಬೆಳೆಯೋದು ಹೊಟ್ಟೆ. ನಿನಗೆ ಅದೂ ಇಲ್ಲ. ಬಿಚ್ಚು."

ಎಡ ಬೂಟಿನಿಂದ ಒಂದು ಕಟ್ಟು ಇಸ್ಪೀಟು ಬಂತು. ಬಲ ಬೂಟಿನಿಂದ ಮಡಚುವ ಕನ್ನಡಿ. ಕೋಟಿನ ಒಳಪದರದಲ್ಲಿ, ಅವನೇ ಕೂತು ಹೊಲಿದುಕೊಂಡಿದ್ದ ಗುಟ್ಟಿನ ಜೇಬಿನಿಂದ, ಬಹಳ ಬೇಸರ ಮಾಡಿಕೊಂಡು ಒಂದು ತಗಡಿನ ಡಬ್ಬಿ ಹೊರಬಂತು. ಬಿಸ್ಕತ್ತು. ಅವಳು ಮೂರನ್ನೂ ಬೇರೆ ಬೇರೆ ತೂಗಿದಳು. ಕನ್ನಡಿಯನ್ನು ಮೇಜಿನ ಖಾನೆಗೆ ಹಾಕಿದಳು. ಬಿಸ್ಕತ್ತನ್ನು ಕಾಗದಕ್ಕೆ ಸುರಿದು ಅವನ ಕೈಗೆ ಕೊಟ್ಟು ಡಬ್ಬಿಯನ್ನು ತಾನಿಟ್ಟುಕೊಂಡಳು. ಇಸ್ಪೀಟಿನ ಕಟ್ಟಿನಿಂದ ಎರಡು ಎಲೆ ಹಿರಿದಳು.

"ಜೋಕರ್ ಇಲ್ಲದೆ ಆಟ ಹೇಗೆ ಆಡೋದು?"

"ವಿಮಾನದಲ್ಲಿ ನೀನಿರ್ತೀಯಲ್ಲ."

ಸಾಲಿನಲ್ಲಿ ನಿಂತಿದ್ದ ಉಳಿದ ಆರು ಜನ ನಕ್ಕರು. ನಗುತ್ತಲೇ ಒಬ್ಬಿಬ್ಬರು ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ತೂಕದಕ್ಕ ಎನ್ನುತ್ತಿದ್ದರು. ಹಿಂದೆ ಹತ್ತಿ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದವಳು ಈಗ ಆರು ವರ್ಷದಿಂದ ಒಂದು ವಿಮಾನವನ್ನು ತೂಗುತ್ತಿದ್ದಳು. ಒಂದೇ ಸಲಕ್ಕಲ್ಲ, ತಿರುಪುಮೊಳೆ ತಿರುಪುಮೊಳೆಯಾಗಿ. ದೊಡ್ಡ ಶೆಡ್ಡಿನ ಮೂಲೆಯಲ್ಲಿ ಅವಳದೊಂದು ಗಾಜಿನ ಕೋಣೆ. ಅಲ್ಲಿ ಉಂಗುರ ತೂಗುವಷ್ಟು ಪುಟ್ಟ ತಕ್ಕಡಿಯಿಂದ ಹಿಡಿದು ಎಮ್ಮೆ ನಿಲ್ಲಿಸಬಹುದಾದ ತಕ್ಕಡಿಯವರೆಗೆ ಐದಿದ್ದವು. ಯಾವ ತುಂಡೂ ಆ ಕೋಣೆಯ ಹೊಸಿಲು ದಾಟದೆ ವಿಮಾನ ಸೇರುವಂತಿರಲಿಲ್ಲ. ಒಳಗೆ ಹೋದದ್ದು ಕೆಲವು ಸಲ ತೂತು ಕೊರೆಸಿಕೊಂಡು ಹೊರಬರುತ್ತಿತ್ತು. ಪೈಲಟ್ಟಿನ ಸೀಟಿಗೆ ಎಷ್ಟು ತೂತು ಬಿದ್ದಿದ್ದವೆಂದರೆ, ಅದರಲ್ಲಿ ಚಹಾ ಸೋಸಬಹುದು ಎಂದು ಕಡ್ಡಿ ಹೇಳುತ್ತಿದ್ದ.

ಯುದ್ಧಕ್ಕೆ ಆಗ ಹನ್ನೊಂದು ವರ್ಷ. ಮೂರನೇ ವರ್ಷದ ಸಂಧಾನ ಕೈಗೂಡಿದ್ದರೆ ಈ ವಿಮಾನ ಹುಟ್ಟುತ್ತಲೇ ಇರಲಿಲ್ಲ. ಸಹಿ ಹಾಕಬೇಕಾದವರು ಪೆನ್ನು ಕೈಯಲ್ಲಿ ಹಿಡಿದೇ ಜಗಳವಾಡಿ ಎದ್ದುಹೋದರು. ಆಮೇಲೆ ಎರಡೂ ಕಡೆಯ ಹಡಗುಗಳು ಒಂದೊಂದಾಗಿ ಮುಳುಗಿದವು, ನಡುವಿನ ದ್ವೀಪಗಳು ಯಾರಿಗೂ ಇಲ್ಲವಾದವು. ಉಳಿದದ್ದು ಬರಿ ನೀರು, ನೀರಿನ ಆಚೆ ದಡದಲ್ಲಿ ಶತ್ರುಗಳಾದ ಒಕ್ಕೂಟದವರು. ಆ ದಡ ಮುಟ್ಟಿ, ಎಲ್ಲೂ ಕಾಲೂರದೆ, ಹೊರಟ ಜಾಗಕ್ಕೇ ವಾಪಸ್ಸು ಬರುವ ವಿಮಾನ ಬೇಕಾಗಿತ್ತು. ಮೂವತ್ತೊಂದು ಗಂಟೆಯ ಹಾದಿ. ಕಾಗದದಲ್ಲಿ ಅದರ ಹೆಸರು ದೂರಗಾಮಿ ಬಾಂಬರ್, ಆರನೇ ಮಾದರಿ. ಕಾರ್ಖಾನೆಯವರಿಗೆ ಅದು ಸೋದರತ್ತೆ. ದೂರದ ದಾರಿಯವಳು, ಎಷ್ಟು ಬಡಿಸಿದರೂ ಸಾಲದವಳು, ಮತ್ತು ಅವಳ ವಿಷಯದಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ.

ತೂಕದಕ್ಕನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಒಂದೇ ಒಂದು ಸಾಲಿತ್ತು: ಮೂವತ್ತು ಕಿಲೋಗೆ ಒಂದು ನಿಮಿಷ. ವಿಮಾನಕ್ಕೆ ಮೂವತ್ತು ಕಿಲೋ ಹೆಚ್ಚಾದರೆ ಪೆಟ್ರೋಲು ಒಂದು ನಿಮಿಷ ಮೊದಲೇ ಮುಗಿಯುತ್ತದೆ ಎಂದರ್ಥ. ಎಲ್ಲ ಸರಿಯಾಗಿ ನಡೆದರೆ ವಾಪಸ್ಸು ಬಂದಾಗ ಟ್ಯಾಂಕಿನಲ್ಲಿ ಒಂಬತ್ತು ನಿಮಿಷ ಉಳಿಯಬೇಕು. ಮೈದಾನದ ಮೇಲೆ ಒಂದು ಸುತ್ತು ಹಾಕಿ ಇಳಿಯುವುದಕ್ಕೆ ಆರು ನಿಮಿಷ ಹೋಗುತ್ತದೆ. ಉಳಿದ ಮೂರು ನಿಮಿಷದಲ್ಲಿ ಏಳು ಜನರ ಜೀವ, ಅದರಲ್ಲೊಂದು ಅವಳ ಮೈದುನನದು. ಅವಳು ಮದುವೆಯಾಗಿ ಬಂದಾಗ ಅವನಿಗೆ ಹನ್ನೆರಡು ವರ್ಷ. ಅಂದಿನಿಂದ ಇಂದಿನವರೆಗೆ ಅವನನ್ನು ತುಂಬಿಸುವ ಕೆಲಸ ಅವಳದು, ತುಂಬದಿರುವುದು ಅವನದು. ಕೊನೆಗೆ ಆ ಸಣಕಲು ಮೈಯೇ ಅವನಿಗೆ ವಿಮಾನದ ಎಂಜಿನ್ ನೋಡಿಕೊಳ್ಳುವ ಕೆಲಸ ಕೊಡಿಸಿತು. ರೆಕ್ಕೆಯೊಳಗಿನ ಸಂದಿಯಲ್ಲಿ ತೂರಿ ಎಂಜಿನ್ನಿನವರೆಗೆ ತೆವಳಬಲ್ಲವನು ಇಡೀ ಊರಿಗೆ ಅವನೊಬ್ಬನೇ ಸಿಕ್ಕಿದ್ದ.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಬಣ್ಣದ ಮೇಸ್ತ್ರಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸೋದರತ್ತೆಗೆ ಮೊದಲು ಬಣ್ಣವಿತ್ತು. ಮೇಸ್ತ್ರಿ ನಾಲ್ಕು ತಿಂಗಳು ಬೆರೆಸಿ, ಒಣಗಿಸಿ, ಒರೆಸಿ, ಮತ್ತೆ ಬೆರೆಸಿ ಕಂಡುಹಿಡಿದ ಒಂದು ನೀಲಿ. ಕತ್ತಲಾಗುವುದಕ್ಕೆ ಹತ್ತು ನಿಮಿಷ ಮೊದಲು ಆಕಾಶ ಎಲ್ಲಿಯೂ ಕೊನೆಯಾಗದಂತೆ ಕಾಣುತ್ತದಲ್ಲ, ಆ ನೀಲಿ. ಅದನ್ನು ಬಳಿದ ದಿನ ಕಾರ್ಖಾನೆಯವರು ಊಟದ ಗಂಟೆ ಹೊಡೆದರೂ ಕದಲದೆ ನೋಡುತ್ತ ನಿಂತಿದ್ದರು. ಒಂದು ತಿಂಗಳ ನಂತರ ತೂಕದಕ್ಕ ತನ್ನ ಪುಸ್ತಕ ಕೂಡಿ ನೋಡಿ, ಬಣ್ಣ ನೂರ ಹದಿನೆಂಟು ಕಿಲೋ, ಕೆರೆದು ತೆಗೆಯಬೇಕು ಎಂದು ಬರೆದುಕೊಟ್ಟಳು.

ಮೇಸ್ತ್ರಿ ಎಂಟು ದಿನ ಮುಖ ಊದಿಸಿಕೊಂಡಿದ್ದ. ಮನೆಯಲ್ಲಿ ಗಂಡ ಹೆಂಡತಿಯ ಮಾತೆಲ್ಲ ಮೈದುನನ ಮೂಲಕ ನಡೆಯಿತು.

"ಪಲ್ಯಕ್ಕೆ ಉಪ್ಪು ಸಾಲದು ಅಂತ ನಿನ್ನ ಅತ್ತಿಗೆಗೆ ಹೇಳು."

"ಉಪ್ಪಿಗೂ ತೂಕ ಇರುತ್ತೆ ಅಂತ ನಿನ್ನ ಅಣ್ಣನಿಗೆ ಹೇಳು."

"ಇಬ್ಬರಿಗೂ ಹೇಳ್ತಿದೀನಿ," ಎಂದಿದ್ದ ಕಡ್ಡಿ, "ನನಗೆ ಇನ್ನೊಂದು ಚಪಾತಿ ಬೇಕು."

ಒಂಬತ್ತನೇ ದಿನ ಮೇಸ್ತ್ರಿ ಮಾತಾಡಿದ. ಆದರೆ ಬರಿಮೈಯಲ್ಲಿ ತಗಡಾಗಿ ಹೊಳೆಯುತ್ತಿದ್ದ ಸೋದರತ್ತೆಯ ಎದುರು ಹಾದುಹೋಗುವಾಗಲೆಲ್ಲ, ಬಟ್ಟೆ ಬದಲಿಸುತ್ತಿರುವವರ ಕೋಣೆಗೆ ತಪ್ಪಿ ಕಾಲಿಟ್ಟವನಂತೆ ತಲೆ ತಗ್ಗಿಸುತ್ತಿದ್ದ.

ಈಗ ಉಳಿದದ್ದು ಕೊನೆಯ ತೂಕ. ಏಳು ಜನರ ತೂಕ ಮುಗಿದ ಮಧ್ಯಾಹ್ನವೇ ಇಡೀ ವಿಮಾನವನ್ನು ತೂಗಬೇಕಿತ್ತು. ಅದಕ್ಕೊಂದು ಕ್ರಮವಿದೆ. ಮೂರು ದೊಡ್ಡ ತಕ್ಕಡಿಗಳು, ಒಂದೊಂದು ಗಾಲಿಯ ಕೆಳಗೆ ಒಂದೊಂದು. ವಿಮಾನ ಮಟ್ಟಸವಾಗಿ ನಿಲ್ಲಬೇಕು. ಒಳಗೆ ಯಾರೂ ಇರಬಾರದು. ಎಲ್ಲಕ್ಕಿಂತ ಮುಖ್ಯ, ಶೆಡ್ಡಿನ ಬಾಗಿಲೆಲ್ಲ ಮುಚ್ಚಿ ಫ್ಯಾನು ನಿಲ್ಲಿಸಿರಬೇಕು. ರೆಕ್ಕೆಗೆ ತಾನು ಆಕಾಶದಲ್ಲಿದ್ದೇನೋ ಶೆಡ್ಡಿನಲ್ಲಿದ್ದೇನೋ ತಿಳಿಯುವುದಿಲ್ಲ. ಗಾಳಿ ತಾಕಿದರೆ ಏಳು ಎಂದಷ್ಟೇ ಅದಕ್ಕೆ ಕಲಿಸಿರುವುದು. ಸ್ವಲ್ಪ ಗಾಳಿ ಆಡಿದರೂ ಸ್ವಲ್ಪ ಏಳುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ತಕ್ಕಡಿಯನ್ನು ಮೋಸಗೊಳಿಸುವಷ್ಟು.

ತೂಕದಕ್ಕ ಮುಂದಿನ ಎರಡು ದೊಡ್ಡ ಬಾಗಿಲು, ಪಕ್ಕದ ಎರಡು ಚಿಕ್ಕ ಬಾಗಿಲು, ಕಿಟಕಿಗಳು, ಎಲ್ಲ ತಾನೇ ಸುತ್ತಿ ನೋಡಿಬಂದಳು. ಹಿಂದುಗಡೆ ಬಯಲು ದಾಟಿ ಬಣ್ಣದ ಶೆಡ್ಡಿಗೆ ಹೋಗುವ ಷಟರ್ ಇಳಿದಿತ್ತು. ಮುಚ್ಚಿದ ಶೆಡ್ಡು ಹತ್ತು ನಿಮಿಷದಲ್ಲಿ ಕುಲುಮೆಯಾಯಿತು. ಅವಳು ನೆಲದ ಮೇಲೆ ಮಂಡಿಯೂರಿ, ಒಂದರ ನಂತರ ಒಂದು ಮುಳ್ಳಿಗೆ ಕಣ್ಣು ಕೀಲಿಸಿ ಅಂಕಿ ಕೂಗಿದಳು. ಮುಖ್ಯ ಎಂಜಿನಿಯರು ಬರೆದುಕೊಂಡರು. ಮೂರು ಸಲ ಓದಿದರು. ಮೂರು ಸಲವೂ ಒಂದೆರಡು ಕಿಲೋ ಆಚೀಚೆ ಒಂದೇ ಉತ್ತರ.

ಜನ, ಪೆಟ್ರೋಲು, ಬಾಂಬು ಬಿಟ್ಟು ಇರಬೇಕಾದ ಮಿತಿ ಮೂವತ್ತೆಂಟು ಸಾವಿರದ ನಾನೂರು ಕಿಲೋ. ಬಂದದ್ದು ಅದಕ್ಕಿಂತ ನೂರ ನಲವತ್ತೆರಡು ಕಡಿಮೆ.

ಮುಖ್ಯ ಎಂಜಿನಿಯರಿಗೆ ಕಾರ್ಖಾನೆಯಲ್ಲಿ 'ಈಗ್ಲೇ ಸಾಹೇಬರು' ಎಂದು ಹೆಸರು. ಅವರ ಎಲ್ಲ ಅಪ್ಪಣೆಗಳೂ ಆ ಒಂದು ಪದದಿಂದ ಶುರುವಾಗುತ್ತಿದ್ದವು. ಅವರು ಕಾಗದವನ್ನು ದೂರ ಹಿಡಿದು ನೋಡಿ, ಹತ್ತಿರ ಹಿಡಿದು ನೋಡಿ, ಹಣೆ ಒರೆಸಿಕೊಂಡರು.

"ಈಗ್ಲೇ ಕೇಂದ್ರಕ್ಕೆ ಫೋನು ಮಾಡ್ತೀನಿ. ನಾಲ್ಕನೇ ದಿನ ಹೊರಡಬಹುದು. ಮೇಸ್ತ್ರೀ, ಬಣ್ಣ ಎಷ್ಟು ಅಂದಿರಿ?"

"ನೂರ ಹದಿನೆಂಟು ಸಾರ್," ಎಂದ ಮೇಸ್ತ್ರಿ, ಯಾರಾದರೂ ಈ ಪ್ರಶ್ನೆ ಕೇಳಲಿ ಎಂದೇ ಅಲ್ಲಿ ನಿಂತಿದ್ದವನಂತೆ.

"ಬಳೀರಿ. ಈಗ್ಲೇ. ಉಳಿದ ಇಪ್ಪತ್ತನಾಲ್ಕು ಕಿಲೋ ಹುಡುಗರಿಗೆ. ಬಿಸಿ ಚಹಾದ ಫ್ಲಾಸ್ಕು, ಕಂಬಳಿ, ಏನು ಬೇಕೋ ಇಟ್ಟುಕೊಳ್ಳಲಿ."

ತೂಕದಕ್ಕ ತನ್ನ ಪುಸ್ತಕ ತೆರೆದಳು. ಬಿಡಿ ತುಂಡುಗಳನ್ನು ಕೂಡಿದ ಅವಳ ಮೊತ್ತ ಮಿತಿಗೆ ಎರಡೇ ಕಿಲೋ ಕಡಿಮೆ ಇತ್ತು. ನೂರ ನಲವತ್ತು ಕಿಲೋ ತಾನು ಹೆಚ್ಚಿಗೆ ತೂಗಿದೆನೆ? ಆರು ವರ್ಷದಲ್ಲಿ, ಲಕ್ಷಗಟ್ಟಲೆ ತುಂಡುಗಳಲ್ಲಿ, ಚೂರು ಚೂರು ಸೇರಿ ಅಷ್ಟಾಗಿದ್ದರೂ ಆಗಿರಬಹುದು. ತಪ್ಪು ತನ್ನದೇ ಆದರೂ ಇಷ್ಟು ಒಳ್ಳೆಯ ತಪ್ಪು ಯಾರಿಗುಂಟು. ಗಂಡ ಆಗಲೇ ಶೆಡ್ಡಿನ ಹಿಂದಕ್ಕೆ ಓಡಿದ್ದ. ಡ್ರಮ್ಮು ಉರುಳಿಸುವ ಸದ್ದು ಕೇಳುತ್ತಿತ್ತು. ಮೂವತ್ತೊಂಬತ್ತು ತುಂಬಿದ ಗಂಡಸು ಓಡಿದ್ದನ್ನು ಅವಳು ನೋಡಿ ಎಷ್ಟೋ ವರ್ಷವಾಗಿತ್ತು. ಪುಸ್ತಕ ಮುಚ್ಚಿದಳು.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಬಾಲ ನೀಲಿಯಾಗಿತ್ತು. ಗಂಡ ಹೆಂಡತಿ ಹಿಂಬದಿಯ ಷಟರಿನ ಹತ್ತಿರ ಎರಡು ಖಾಲಿ ಡ್ರಮ್ಮು ಬೋರಲು ಹಾಕಿ ಊಟದ ಡಬ್ಬಿ ಬಿಚ್ಚಿದರು. ಅವನ ರೆಪ್ಪೆಯ ಮೇಲೂ ನೀಲಿ ಇತ್ತು. ಎರಡು ತುತ್ತು ತಿಂದು ಎದ್ದು ಷಟರನ್ನು ಸೊಂಟದವರೆಗೆ ಎತ್ತಿದ. ಹೊರಗಿನ ಬಯಲಿನಿಂದ ತಣ್ಣನೆಯ ಗಾಳಿ ಒಂದೇ ಸಮನೆ ನುಗ್ಗಿ ಬಂದು ಡಬ್ಬಿಯ ಮುಚ್ಚಳವನ್ನು ಗರಗರ ಉರುಳಿಸಿಕೊಂಡು ಹೋಯಿತು.

"ನಿನ್ನೆಯೂ ಹೀಗೇ ಬಂತಲ್ವಾ?" ಎಂದ.

"ಏನು?"

"ಗಾಳಿ. ಪಾಪ ನೀನು ತಕ್ಕಡಿ ಹತ್ರ ಬಗ್ಗಿದ್ದೆ, ಬಟ್ಟೆಯೆಲ್ಲ ಬೆನ್ನಿಗೆ ಅಂಟಿತ್ತು. ನೋಡೋಕಾಗದೆ ಇದನ್ನು ಒಂಚೂರು ಎತ್ತಿದೆ. ಹಾಯೆನಿಸಿತೋ ಇಲ್ವೋ?"

ಹಾಯೆನಿಸಿತ್ತು. ಮೊದಲ ಮುಳ್ಳಿಗೆ ಬಗ್ಗಿದಾಗಲೇ ಕತ್ತಿನ ಹಿಂದೆ ಯಾರೋ ಊದಿದಂತಾಗಿ, ಮುಖ ಎತ್ತದೆಯೇ ಸುಖಪಟ್ಟಿದ್ದಳು. ಅದು ಈಗ ನೆನಪಾಯಿತು. ಬಾಯಲ್ಲಿದ್ದ ತುತ್ತನ್ನು ನುಂಗಿ ನೀರು ಕುಡಿದಳು.

"ಒಂಚೂರು ಅಂದ್ರೆ ಎಷ್ಟು?"

"ಇಷ್ಟೇ. ಈಗ ಎತ್ತಿದಷ್ಟು." ಹೇಳುತ್ತ ಹೇಳುತ್ತಲೇ ಅವನ ಕೈ ಡಬ್ಬಿಯ ಮೇಲೆ ನಿಂತಿತು. ಹತ್ತು ವರ್ಷ ವಿಮಾನದ ಕಾರ್ಖಾನೆಯಲ್ಲಿ ದುಡಿದವನಿಗೆ ರೆಕ್ಕೆ ಮತ್ತು ಗಾಳಿಯ ನಂಟನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಷಟರನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ತಿರುಗಿ ಬಾಲದ ನೀಲಿಯನ್ನು ನೋಡಿದ.

"ನಿನ್ನೆ ನಾನು ನಿನಗೇ ಅಂತ ಎತ್ತಿದ್ದು," ಎಂದ ಮೆಲ್ಲಗೆ.

"ಗೊತ್ತು ರೀ."

"ಅದು ರೆಕ್ಕೆಗೂ ಹೋಯ್ತು."

"ಹೋಗದೆ ಇರುತ್ತಾ."

ಗಾಳಿ ತನ್ನ ಪಾಡಿಗೆ ಬೀಸುತ್ತಿತ್ತು.

"ಹೇಳದೆ ಇದ್ರೆ?" ಎಂದ ಮೇಸ್ತ್ರಿ. ಆಸೆಯಿಂದಲ್ಲ, ಬಾಗಿಲಿಗೆ ನಿಜವಾಗಿ ಬೀಗ ಹಾಕಿದೆಯೇ ಎಂದು ಒಮ್ಮೆ ತಳ್ಳಿ ನೋಡುವವರಂತೆ.

"ಬಣ್ಣ, ಫ್ಲಾಸ್ಕು, ಕಂಬಳಿ ಎಲ್ಲ ಸೇರಿ ಮಿತಿಗಿಂತ ನೂರ ನಲವತ್ತು ಹೆಚ್ಚು. ಹತ್ತಿರ ಹತ್ತಿರ ಐದು ನಿಮಿಷ. ಒಂಬತ್ತರಲ್ಲಿ ಐದು ಹೋದ್ರೆ ನಾಲ್ಕು. ಸುತ್ತು ಹಾಕಿ ಇಳಿಯೋಕೆ ಆರು ಬೇಕು. ಕಡ್ಡಿಗೆ ನಮ್ಮ ಮನೆ ಮಾಡು ಕಾಣುತ್ತೆ. ಮುಟ್ಟೋಕಾಗಲ್ಲ."

ಮೇಸ್ತ್ರಿ ಎದ್ದು ಷಟರನ್ನು ಪೂರ್ತಿ ಇಳಿಸಿದ. ಡಬ್ಬಿಯ ಮುಚ್ಚಳ ಹುಡುಕಿ ತಂದು ಒರೆಸಿ ಮುಚ್ಚಿದ. "ನಡಿ," ಎಂದ.

ಸಾಹೇಬರ ಕೋಣೆಯಲ್ಲಿ ಫೋನು ಇನ್ನೂ ಬಿಸಿಯಾಗಿತ್ತು. ಕೇಂದ್ರದವರು ದಿನ ಒಪ್ಪಿದ್ದಾರೆ, ಅಭಿನಂದನೆ ಹೇಳಿದ್ದಾರೆ ಎಂದು ಅವರು ಎದ್ದು ನಿಂತೇ ಶುರುಮಾಡಿದರು. ತೂಕದಕ್ಕ ಮಧ್ಯೆ ಬಾಯಿ ಹಾಕಿದಳು.

"ಸಾರ್, ನಿನ್ನೆಯ ತೂಕ ಸುಳ್ಳು. ಹಿಂದಿನ ಷಟರ್ ತೆಗೆದಿತ್ತು. ಬಾಗಿಲು ನೋಡ್ಕೋಬೇಕಾದವಳು ನಾನು, ತಪ್ಪು ನಂದು."

"ತೆಗೆದಿದ್ದು ನಾನು ಸಾರ್," ಎಂದ ಮೇಸ್ತ್ರಿ. "ಅವಳು ನೋಡಿದಾಗ ಮುಚ್ಚಿತ್ತು."

"ನೀವು ಸುಮ್ನಿರಿ. ಕಾಗದದ ಮೇಲೆ ಸಹಿ ನನ್ನದಿದೆ."

"ಸಹಿ ನಿನ್ನದು, ಷಟರ್ ಎಳೆದ ಕೈ ನನ್ನದು."

"ಕೈ ಹಿಡಿದವಳು ನಾನಲ್ವಾ, ಅದೂ ನನ್ನ ಲೆಕ್ಕಕ್ಕೇ ಬರ್ಲಿ."

ಈಗ್ಲೇ ಸಾಹೇಬರು ನಿಧಾನವಾಗಿ ಕುರ್ಚಿಗೆ ಕುಸಿದರು. ಕೇಂದ್ರಕ್ಕೆ ಕೊಟ್ಟ ಮಾತು, ತಾರೀಕು, ಇಡೀ ವಿಮಾನವನ್ನು ಮತ್ತೆ ತಕ್ಕಡಿಗೇರಿಸಲು ಬೇಕಾದ ಒಂದು ಪೂರ್ತಿ ದಿನ, ಬಾಲಕ್ಕೆ ಬಳಿದ ಬಣ್ಣ, ಎಲ್ಲವೂ ಅವರ ಮುಖದ ಮೇಲೆ ಸಾಲಾಗಿ ಹಾದುಹೋದವು. ಮೂರು ಓದಿನ ಕಾಗದ ಮೇಜಿನ ಮೇಲೇ ಇತ್ತು. ಮೂರೂ ಒಂದೇ ಮಾತು ಹೇಳುತ್ತಿದ್ದವು. ನಂಬಿಬಿಡಬಹುದಿತ್ತು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ," ಎಂದರು ಕೊನೆಗೆ. "ನನ್ನ ವಿಮಾನ ಬಡವಾಗೋದು ಬೇಡ. ಬಣ್ಣ ತೆಗೀರಿ. ನಾಳೆ ತೂಗೋಣ."

ಅವರ ಬಾಯಲ್ಲಿ 'ನಾಳೆ' ಎಂಬ ಪದ ಕೇಳಿದ್ದು ಅದೇ ಮೊದಲು ಎಂದು ಕಾರ್ಖಾನೆಯವರು ಆಮೇಲೆ ಬಹಳ ದಿನ ಹೇಳಿಕೊಂಡರು.

ಬಾಲದ ಬಣ್ಣವನ್ನು ಕೆರೆಯುವ ಕೆಲಸವನ್ನು ಮೇಸ್ತ್ರಿ ಬೇರೆ ಯಾರಿಗೂ ಕೊಡಲಿಲ್ಲ. ಕಡ್ಡಿ ಏಣಿ ಹಿಡಿದು ಕೆಳಗೆ ನಿಂತಿದ್ದ. ಅವನ ಫ್ಲಾಸ್ಕು, ಕಂಬಳಿ ಆಗಲೇ ವಾಪಸ್ಸು ಹೋಗಿದ್ದವು.

"ಅಣ್ಣ, ಅತ್ತಿಗೆಗೆ ಒಂದು ಬೀಸಣಿಗೆ ಕೊಡಿಸಿದ್ರೆ ಸಾಕಿತ್ತು."

"ಏಣಿ ಸರಿಯಾಗಿ ಹಿಡಿ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದೆ ನೀನು."

"ಹಿಡೀತೀಯೋ ಇಲ್ವೋ? ನಿನಗೋಸ್ಕರ ಕಣೋ ಕೆರೀತಿರೋದು."

ಕಡ್ಡಿ ಎರಡೂ ಕೈಯಲ್ಲಿ ಏಣಿ ಹಿಡಿದ. "ಗೊತ್ತು," ಎಂದ. ನೀಲಿ ಪುಡಿ ಅವನ ತಲೆಯ ಮೇಲೆ ಉದುರುತ್ತಲೇ ಇತ್ತು. ಅವನು ಪಕ್ಕಕ್ಕೆ ಸರಿಯಲಿಲ್ಲ.

ಮರುದಿನ ಮತ್ತೆ ಬಾಗಿಲುಗಳು ಮುಚ್ಚಿದವು. ಈ ಸಲ ಮೇಸ್ತ್ರಿ ಹಿಂದಿನ ಷಟರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಕುಳಿತ. ಯಾರು ಕರೆದರೂ ಏಳಲಿಲ್ಲ. ಸೆಕೆಗೆ ಅವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಶೆಡ್ಡಿನ ನಡುವೆ ಅವನ ಹೆಂಡತಿ ಮಂಡಿಯೂರಿ ಮುಳ್ಳು ನೋಡುತ್ತಿದ್ದಳು. ಬೆವರು ಅವಳ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ನೋಡಿದರೆ ಕೈ ಸುಮ್ಮನಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮೂವತ್ತೆಂಟು ಸಾವಿರದ ಮುನ್ನೂರ ತೊಂಬತ್ತೆಂಟು. ಮಿತಿಗೆ ಎರಡು ಕಿಲೋ ಕಡಿಮೆ. ತೂಕದಕ್ಕ ಅಂಕಿ ಕೂಗಿ, ಎದ್ದು, ತನ್ನ ಪುಸ್ತಕದ ಕೊನೆಯ ಪುಟ ತೆರೆದು ಸಾಹೇಬರ ಮುಂದೆ ಹಿಡಿದಳು. ಅಲ್ಲಿಯೂ ಅದೇ ಅಂಕಿ. ಆರು ವರ್ಷ ಚೂರು ಚೂರು ತೂಗಿ ಕೂಡಿದ್ದು, ಮೂರು ತಕ್ಕಡಿಗಳು ಒಟ್ಟಿಗೆ ಹೇಳಿದ್ದು, ಎರಡಕ್ಕೂ ಒಂದು ಕಿಲೋ ಕೂಡ ವ್ಯತ್ಯಾಸವಿರಲಿಲ್ಲ. ಸಾಹೇಬರು ಅವಳ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವಳಿಗೆ ಇದ್ದಕ್ಕಿದ್ದಂತೆ ಬಹಳ ಹಸಿವಾಯಿತು. ಅಂದು ಸಂಜೆ ಮನೆಯಲ್ಲಿ ಮೂವರೂ ಕೂತು ಊಟ ಮಾಡಿದಾಗ ಅವಳು ಇಬ್ಬರಿಗಿಂತ ಹೆಚ್ಚು ತಿಂದಳು. ಕಡ್ಡಿ ಅವಳ ತಟ್ಟೆಯನ್ನೇ ನೋಡುತ್ತಿದ್ದವನು, "ಅತ್ತಿಗೆ, ನಾಳೆ ನೀವೂ ಒಂದು ಸಲ ತಕ್ಕಡಿ ಹತ್ತಿ," ಎಂದು ಬೆನ್ನಿಗೊಂದು ಗುದ್ದು ತಿಂದ.

ಹೊರಡುವ ದಿನ ಎರಡು ದಿನ ಮುಂದೆ ಹೋಯಿತು, ಅಷ್ಟೇ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಸೋದರತ್ತೆಯನ್ನು ಶೆಡ್ಡಿನಿಂದ ಹೊರಗೆ ತಂದು ನಿಲ್ಲಿಸಿದರು. ತೂಕದಕ್ಕ ಬೆಳಗಿನ ಜಾವದಿಂದ ಬಾಂಬುಗಳನ್ನು ತೂಗುತ್ತಿದ್ದಳು. ಹನ್ನೆರಡು ಬಾಂಬು, ಒಂದೊಂದು ಮುನ್ನೂರು ಕಿಲೋ. ಮುಟ್ಟಿದರೆ ಬೆರಳು ಹಿಂದಕ್ಕೆ ಸರಿಯುವಷ್ಟು ತಣ್ಣಗಿದ್ದವು. ಪುಸ್ತಕದಲ್ಲಿ ಅವುಗಳ ಎದುರು ಬೇರೆ ಯಾವ ಸಾಮಾನಿಗೂ ಬರೆಯದ ಎರಡು ಪದ ಬರೆಯಬೇಕಿತ್ತು: ಹೋಗುವಾಗ ಮಾತ್ರ. ಹನ್ನೆರಡು ಸಲ ಬರೆದಳು. ಕೊನೆಯ ಬಂಡಿ ವಿಮಾನದ ಹೊಟ್ಟೆಯ ಕೆಳಗೆ ಹೋದ ಮೇಲೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಎಲ್ಲರೂ ಮೂತಿಯ ಹತ್ತಿರ ಗುಂಪುಗೂಡಿದ್ದರು.

ಸಾಹೇಬರ ಕೈಯಲ್ಲಿ ಕೇಂದ್ರದ ತಂತಿಯಿತ್ತು. ಓದಿದರು. ತಪ್ಪನ್ನು ತಾನಾಗಿ ಒಪ್ಪಿ ವಿಮಾನ ಉಳಿಸಿದ ನೌಕರಳನ್ನು ಕೇಂದ್ರ ಮೆಚ್ಚಿಕೊಂಡಿದೆ. ಉಳಿದ ಎರಡು ಕಿಲೋ ಅವಳ ಗೌರವಕ್ಕೆ ಮೀಸಲು. ವಿಮಾನದ ಮೂತಿಯ ಮೇಲೆ ಅವಳ ಹೆಸರು ಬರೆಯತಕ್ಕದ್ದು.

ಏಣಿ ಆಗಲೇ ನಿಂತಿತ್ತು. ಮೇಸ್ತ್ರಿ ಕೈಯಲ್ಲಿ ಒಂದು ಪುಟ್ಟ ಡಬ್ಬಿ, ಸಣ್ಣ ಕುಂಚ ಹಿಡಿದು ಮದುವೆಯ ದಿನಕ್ಕಿಂತಲೂ ಚೆನ್ನಾಗಿ ತಲೆ ಬಾಚಿಕೊಂಡು ನಿಂತಿದ್ದ. ಅದೇ ನೀಲಿ.

"ನಾನೇ ತೂಗಿ ನೋಡಿದೀನಿ," ಎಂದ ಹೆಂಡತಿಗೆ, ಗುಟ್ಟು ಹೇಳುವಂತೆ. "ಒಣಗಿದ ಮೇಲೆ ನಲವತ್ತು ಗ್ರಾಂ. ನಾಲ್ಕಕ್ಷರ ತಾನೇ. ಎಷ್ಟು ಚೆನ್ನಾಗಿ ಬರೀತೀನಿ ನೋಡು."

ತೂಕದಕ್ಕ ಮೂತಿಯನ್ನು ನೋಡಿದಳು. ಬಾಂಬು ತುಂಬಿದ ಹೊಟ್ಟೆಯ ಬಾಗಿಲು ಮುಚ್ಚುವ ಸದ್ದು ಕೇಳಿತು. ಗಂಡನ ರೆಪ್ಪೆಯ ಮೇಲೆ ನೀಲಿ ಇನ್ನೂ ಒಂಚೂರು ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿದಳು.

"ಬೇಡ," ಎಂದಳು.

"ಇದು ಗೌರವ ಕಣಮ್ಮ," ಎಂದರು ಸಾಹೇಬರು. "ಕೇಂದ್ರದ ಮಾತು. ಎರಡು ಕಿಲೋ ನಿಮ್ಮದೇ."

"ನನ್ನದಾದ್ರೆ ಖಾಲಿ ಬಿಡಿ ಸಾರ್. ಟ್ಯಾಂಕಲ್ಲಿ ಉಳೀಲಿ."

"ಎರಡು ಕಿಲೋಗೆ ಏನು ಉಳಿಯುತ್ತೆ ಅತ್ತಿಗೆ?" ಎಂದ ಕಡ್ಡಿ. "ನಾಲ್ಕು ಸೆಕೆಂಡು."

"ನಾಲ್ಕು ಸೆಕೆಂಡು ನೀನಿಟ್ಕೋ. ನನ್ನ ಹೆಸರು ಅದರ ಮೇಲೆ ಬೇಡ."